ಜಿಪ್ಸಿ ಸ್ಟೀರಿಂಗ್ ಸಡಿಲ, 60 ದಾಟಿದರೆ ಮುಂಭಾಗವೆಲ್ಲ ನಡುಕ. ಪುಣೆಯಲ್ಲಿ ಮೂರು ಗ್ಯಾರೇಜ್ ಆಯ್ತು, ಮುಂದೇನು ಮಾಡಲಿ?

ವಾಕಡ್ ವಾಸಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಓದಿ ಹೇಳಿ.

ಆರು ತಿಂಗಳ ಹಿಂದೆ ಪಿಂಪ್ರಿಯಲ್ಲಿ ಒಬ್ಬರಿಂದ 2008ರ ಜಿಪ್ಸಿ ಕಿಂಗ್ ತಗೊಂಡೆ. 1.3 ಲೀಟರ್ ಎಂಪಿಎಫ್‌ಐ ಪೆಟ್ರೋಲ್ ಎಂಜಿನ್, ಸಾಫ್ಟ್ ಟಾಪ್. ಹದಿನೈದು ವರ್ಷ ಮುಗಿದ ಮೇಲೆ ನೋಂದಣಿ ನವೀಕರಣ ಆಗಿದೆ, 2028ರವರೆಗೆ ಕಾಗದಪತ್ರ ಸರಿ ಇದೆ. ಹಿಂದಿನ ಮಾಲೀಕರು ಮುಂದೆ ಹಿಂದೆ ಎರಡೂ ಕಡೆ ಉದ್ದದ ಶ್ಯಾಕಲ್ (ಕಮಾನು ಪಟ್ಟಿಯ ಒಂದು ತುದಿಯನ್ನ ಚಾಸಿಗೆ ಜೋಡಿಸೋ ಕೊಂಡಿ) ಹಾಕಿಸಿ ಎರಡು ಇಂಚು ಎತ್ತರಿಸಿದ್ದಾರೆ. 235/75 ಆರ್15 ಮಡ್ ಟೈರು, ನಾಲ್ಕೂ ಚಕ್ರಕ್ಕೆ ಸ್ಪೇಸರ್ (ಚಕ್ರವನ್ನ ಹೊರಕ್ಕೆ ತಳ್ಳೋ ಬಿಲ್ಲೆ), ಮುಂದೆ ದಪ್ಪ ಕಬ್ಬಿಣದ ಬಂಪರ್.

ತೊಂದರೆ ಏನು ಅಂದ್ರೆ, ಗಾಡಿ ನಿಂತಿರುವಾಗ ಸ್ಟೀರಿಂಗ್‌ನ ನಾಲ್ಕು ಬೆರಳಗಲ ತಿರುಗಿಸಿದರೂ ಚಕ್ರ ಅಲುಗಲ್ಲ. ನೇರ ರಸ್ತೆಯಲ್ಲೂ ಆಚೆ ಈಚೆ ತಿರುಗಿಸುತ್ತಲೇ ಇರಬೇಕು. 60–65ರಲ್ಲಿ ಒಂದು ಉಬ್ಬು ಸಿಕ್ಕಿದರೆ ಮುಂದಿನ ಚಕ್ರಗಳು ಗಡಗಡ ನಡುಗಲು ಶುರು, ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಹೊಡೆದಾಡುತ್ತೆ. 30ಕ್ಕೆ ಇಳಿಸೋವರೆಗೆ ನಿಲ್ಲಲ್ಲ. ಹೋದ ತಿಂಗಳು ಹುಬ್ಬಳ್ಳಿಗೆ ಹೊರಟಾಗ ಖಂಬಾಟ್ಕಿ ಘಾಟಿ ದಾಟಿ ಸುರೂರ್ ಹತ್ತಿರ ಸೇತುವೆ ಜಾಯಿಂಟ್ ಮೇಲೆ ಹೀಗಾಯ್ತು. ಹಿಂದೆ ಒಂದು ಟ್ರಕ್ ಇತ್ತು. ಹೆಂಡತಿ, ಐದು ವರ್ಷದ ಮಗಳು ಗಾಡಿಯಲ್ಲಿದ್ದರು. ಅಲ್ಲಿಂದ ವಾಪಸ್ ಬಂದೆವು. ಸರಿ ಆಗೋವರೆಗೆ ಈ ಗಾಡಿ ಹತ್ತಲ್ಲ ಅಂತ ಹೆಂಡತಿ ಹೇಳಿದ್ದಾಳೆ. ಅವಳ ಮಾತು ಸರಿ.

ಮೊದಲ ಗ್ಯಾರೇಜಿನವರು ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ಕಂಬದ ಕೆಳಗಿನ ಗೇರ್ ಪೆಟ್ಟಿಗೆ) ಮೇಲಿನ ಸ್ಕ್ರೂ ಬಿಗಿ ಮಾಡಿದರು. ಈಗ ತಿರುವಾದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರಲ್ಲ. ಎರಡನೆಯವರು ಟೈ ರಾಡ್ (ಎರಡೂ ಮುಂದಿನ ಚಕ್ರ ಜೋಡಿಸೋ ರಾಡು) ಎಂಡ್ ಬದಲಾಯಿಸಿದರು, ವ್ಯತ್ಯಾಸ ಇಲ್ಲ. ಮೂರನೆಯವರು ಪವರ್ ಸ್ಟೀರಿಂಗ್ ಹಾಕಿಸಿದರೆ ಎಲ್ಲ ಹೋಗುತ್ತೆ ಅಂತಿದ್ದಾರೆ. ಇಲ್ಲಿವರೆಗೆ ಹನ್ನೊಂದು ಸಾವಿರ ಹೋಗಿದೆ. ನಾಗರಪಂಚಮಿಗೆ ಊರಿಗೆ ಹೋಗಬೇಕು.

ಸದಾಶಿವಪೇಟೆ ಸವಾರ
ಸ್ಟೀರಿಂಗ್ ಡ್ಯಾಂಪರ್ (ನಡುಕ ತಡೆಯೋ ಶಾಕ್) ಹೊಸದು ಹಾಕ್ಸಿ ಗುರು, ಮುಗೀತು. ನಂದೂ ಹಂಗೇ ಹೋಗಿದ್ದು.

ಭೋಸರಿ ಫಿಟ್ಟರ್
ಡ್ಯಾಂಪರ್ ಹಾಕಿದ್ರ ನಡುಕ ಮುಚ್ಚಿಕೊಳ್ತದ, ಸಡಿಲ ಇದ್ದಲ್ಲೇ ಇರ್ತದ. ಸ್ವಲ್ಪ ದಿನಕ್ಕ ಆ ಡ್ಯಾಂಪರೂ ಸೋರಿ ಹೋಗ್ತದ, ಮತ್ತ ಶುರು. ಗಾಡ್ಯಾಗ ಸಣ್ಣ ಕೂಸು ಕೂಡ್ತದ, ಇಂಥಾ ಸಲಹೆ ಕೊಡಬ್ಯಾಡ್ರಿ.

ವಾಕಡ್‌ದವ್ರ, ಇನ್ನ ಒಂದು ರೂಪಾಯಿ ಖರ್ಚು ಮಾಡೂಕಿಂತ ಮೊದಲ ಈ ಪರೀಕ್ಷಾ ಮಾಡ್ರಿ. ಗಾಡಿ ಸಪಾಟ ನೆಲದ ಮ್ಯಾಲ ನಿಲ್ಲಸ್ರಿ, ಹಿಂದಿನ ಗಾಲಿಗೆ ಕಲ್ಲು ಕೊಡ್ರಿ, ಎಂಜಿನ್ ಬಂದ್ ಇರಲಿ. ಜ್ಯಾಕ್ ಹಚ್ಚಬ್ಯಾಡ್ರಿ. ಗಾಲಿ ನೆಲದ ಮ್ಯಾಲೇ ಇರಬೇಕು, ಭಾರ ಬಿದ್ದಾಗನ ಸಡಿಲ ಕಾಣಸ್ತದ. ಮನ್ಯಾಗ ಒಬ್ರಿಗೆ ಸ್ಟೇರಿಂಗ್ ಹಿಡದು ಎಡಕ್ಕ ಬಲಕ್ಕ ಗೇಣಗೇಣು ಸಟಕ್ಕನ ತಿರಗಸಲಿಕ್ಕೆ ಹೇಳ್ರಿ, ನೀವು ಟಾರ್ಚ್ ತಗೊಂಡು ಕೆಳಗ ಮಲಗ್ರಿ.

ಮ್ಯಾಲಿಂದ ಶುರು ಮಾಡ್ರಿ. ಸ್ಟೇರಿಂಗ್ ಕಂಬದ ಕೆಳಗ ರಬ್ಬರ್ ಕಪ್ಲಿಂಗ್ ಅದ, ಅದು ಹರದದೇನು? ಆಮ್ಯಾಲ ಬಾಕ್ಸ್ ಚಾಸಿ ಮ್ಯಾಲ ಕೂತ ಜಾಗಾ. ಬಾಕ್ಸ್ ಅಲಗ್ತದೇನು? ಆಮ್ಯಾಲ ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಗ ಬಂದ ತೋಳು), ಅದರ ನಟ್ಟು. ಆ ತೋಳಿನಿಂದ ಗಾಲಿ ಕಡೆ ಹೋಗೂ ರಾಡು, ಅಂದ್ರ ಡ್ರ್ಯಾಗ್ ಲಿಂಕಿನ ಎರಡೂ ತುದಿ, ಟೈ ರಾಡಿನ ಎರಡೂ ತುದಿ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗ್ತದ, ಪ್ರತಿ ಕೀಲಿನ ಎರಡೂ ಭಾಗದ ಮ್ಯಾಲ ಬೆರಳು ಇಟ್ಟು ನೋಡ್ರಿ. ಒಂದು ಅಲಗಿ ಇನ್ನೊಂದು ತಡಾ ಮಾಡಿ ಅಲಗಿದ್ರ ಅಲ್ಲೇ ಸಡಿಲ ಅದ. ಶ್ಯಾಕಲ್ ಬುಷ್ ಮರೀಬ್ಯಾಡ್ರಿ. ಬುಷ್ ತಿಂದಿದ್ರ ಇಡೀ ಎಕ್ಸೆಲ್ಲೇ ಬಾಜೂಕ ಸರೀತದ, ಮಂದಿ ಸ್ಟೇರಿಂಗಿಗೆ ಬೈತಾರ.

ಇದೆಲ್ಲಾ ಆದ ಮ್ಯಾಲ ಜ್ಯಾಕ್ ಹಚ್ಚಿ ಸ್ಟ್ಯಾಂಡ್ ಕೊಟ್ಟು, ಗಾಲಿ ಮ್ಯಾಲ ಕೆಳಗ ಹಿಡದು ಅಲಗಾಡಸ್ರಿ. ಅಲಗಿದ್ರ ಒಬ್ರಿಗೆ ಬ್ರೇಕ್ ಒತ್ತಿ ಹಿಡೀಲಿಕ್ಕೆ ಹೇಳಿ ಮತ್ತ ಅಲಗಾಡಸ್ರಿ. ಬ್ರೇಕ್ ಒತ್ತಿದಾಗ ಅಲಗೂದು ನಿಂತ್ರ ವೀಲ್ ಬೇರಿಂಗ್. ಒತ್ತಿದ್ರೂ ಅಲಗಿದ್ರ ಕಿಂಗ್‌ಪಿನ್ (ಗಾಲಿ ಎಡಕ್ಕ ಬಲಕ್ಕ ತಿರಗೂ ಕೀಲು) ಬೇರಿಂಗ್. ಎರಡೂ ಬ್ಯಾರೆ ಬ್ಯಾರೆ ಕೆಲಸ.

ಠಾಣೆ ಬಂಟ
ಫಿಟ್ಟರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ ಉಂಟು. ಆದ್ರೆ ಟೈರನ್ನೂ ಒಮ್ಮೆ ನೋಡಿ ಮಾರಾಯ್ರೆ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಬರುವ ಮಡ್ ಟೈರ್ ಎಷ್ಟು ಹಳೇದು ಅಂತ ಯಾರೂ ನೋಡುದಿಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರ್ತದೆ, ಮೊದಲ ಎರಡು ಅಂಕಿ ತಯಾರಾದ ವಾರ, ಕಡೆಯ ಎರಡು ಅಂಕಿ ವರ್ಷ. ಮುಂದಿನದ್ದು ಹಿಂದೆ, ಹಿಂದಿನದ್ದು ಮುಂದೆ ಹಾಕಿ ಓಡಿಸಿ. ನಡುಕ ಬೇರೆ ವೇಗಕ್ಕೆ ಹೋದ್ರೆ ಅಥವಾ ಕಮ್ಮಿ ಆದ್ರೆ ಟೈರಿನದ್ದೂ ಪಾಲು ಉಂಟು ಅಂತ ಲೆಕ್ಕ.

ಶಿವಾಜಿನಗರ ವಕೀಲ
ತಾಂತ್ರಿಕ ವಿಷಯ ಬಲ್ಲವರು ಹೇಳುತ್ತಿದ್ದಾರೆ, ನಾನು ಕಾನೂನಿನ ಎರಡು ಮಾತು ಸೇರಿಸುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 98ನೇ ನಿಯಮ ಸ್ಟೀರಿಂಗ್ ಬಗ್ಗೆಯೇ ಇದೆ. ಸ್ಟೀರಿಂಗ್ ಚಕ್ರದಲ್ಲಿ ಸಡಿಲ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಮುಚ್ಚಳ ಇರಬೇಕು, ಬೋಲ್ಟು ಪಿನ್ನುಗಳು ಬಿಚ್ಚಿಕೊಳ್ಳದಂತೆ ಲಾಕ್ ಆಗಿರಬೇಕು. ಎರಡನೆಯದು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ನೋಂದಣಿಯಲ್ಲಿರುವ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆ ಕಂಪನಿ ಮೊದಲು ಕೇಳುವುದು ಇದನ್ನೇ.

ಸದಾಶಿವಪೇಟೆ ಸವಾರ
ಅಂದ್ರೆ 30 ಡಿಗ್ರಿವರೆಗೆ ಸಡಿಲ ಇದ್ರೂ ಪಾಸು. ಇವರ ಗಾಡಿ ಅಷ್ಟೇನೂ ಕೆಟ್ಟಿಲ್ಲ ಬಿಡಿ.

ಭೋಸರಿ ಫಿಟ್ಟರ್
ತಮ್ಮಾ, 30 ಡಿಗ್ರಿ ಅಂದ್ರ ಸ್ಟೇರಿಂಗ್ ಅಂಚಿನ್ಯಾಗ ಸುಮಾರು ಹತ್ತು ಸೆಂಟಿಮೀಟರ್. ಕಾಯ್ದೆದ್ದು ಅದು ಕಡೀ ಗೆರಿ, ಅದನ್ನ ದಾಟಿದ್ರ ರಸ್ತೆಗೇ ಇಳೀಬಾರದು ಅಂತ. ಆ ಗೆರಿಯೊಳಗ ಅದ ಅಂದ್ರ ಗಾಡಿ ಚಲೋ ಅದ ಅಂತ ಅರ್ಥ ಅಲ್ಲ. ಈ ಗಾಡಿ ವರ್ಕ್‌ಶಾಪ್ ಮ್ಯಾನ್ಯುಯಲ್‌ದಾಗ 10ರಿಂದ 30 ಮಿಲಿಮೀಟರ್ ಅಷ್ಟೇ ಕೊಟ್ಟಾರ. 30 ಮಿಮೀ ದಾಟಿತಂದ್ರ ಕೆಳಗ ಮಲಗಿ ಹುಡಕೂದ ಕೆಲಸ.

ಮಡಗಾಂವ್ ಮಲೆನಾಡಿಗ
ನಾನೊಂದು ಅನುಭವ ಹೇಳ್ತೀನಿ, ಇದು ಜಿಪ್ಸಿ ಇಟ್ಟುಕೊಂಡವರೆಲ್ಲ ಓದಬೇಕು.

ನನ್ನದು 2011ರ ಗಾಡಿ. ಇಲ್ಲಿ ಮಳೆಗಾಲದಲ್ಲಿ ಕುಳೇಂ, ಮೊಲೆಂ ಕಡೆ ಹೊಳೆ ಹಳ್ಳ ದಾಟೋ ಹುಚ್ಚು ನನಗೆ. ಎರಡು ವರ್ಷ ಆದ ಮೇಲೆ ಸೇಮ್ ನಡುಕ ಶುರು ಆಯ್ತು, 55ಕ್ಕೇ. ಟೈ ರಾಡ್ ಎಂಡ್ ಬದಲಾಯಿಸಿದೆ, ಬ್ಯಾಲೆನ್ಸಿಂಗ್ ಮಾಡಿಸಿದೆ, ಅಲೈನ್‌ಮೆಂಟ್ ನಾಲ್ಕು ಸಲ. ಕೊನೆಗೆ ಪೋಂಡಾದಲ್ಲಿ ಒಬ್ಬರು ವಯಸ್ಸಾದ ಮಿಸ್ತ್ರಿ, ನಕಲ್ (ಚಕ್ರದ ಜೊತೆ ತಿರುಗೋ ಎಕ್ಸೆಲ್ ತುದಿಯ ಭಾಗ) ಹಿಂದುಗಡೆ ಇರೋ ರಬ್ಬರ್ ಸೀಲ್ ಕಡೆ ಬೆರಳು ತೋರಿಸಿ ಇಲ್ಲಿಂದ ಏನು ಸೋರ್ತಾ ಇದೆ ನೋಡು ಅಂದ್ರು. ಹಾಲು ಹಾಕಿದ ಕಾಫಿ ಬಣ್ಣದ ದ್ರವ. ಗ್ರೀಸ್ ಇರಬೇಕಾದ ಗೋಳದೊಳಗೆ ನೀರು ಹೋಗಿ, ಒಳಗಿನ ಎಕ್ಸೆಲ್ ಸೀಲೂ ಕೆಟ್ಟು ಗೇರ್ ಆಯಿಲ್ ಬಂದು, ಮೂರೂ ಕಲಸಿ ಆ ಬಣ್ಣ. ಬಿಚ್ಚಿದ್ರೆ ಕೆಳಗಿನ ಕಿಂಗ್‌ಪಿನ್ ಬೇರಿಂಗ್ ಕಪ್‌ನಲ್ಲಿ ರೋಲರ್ ಒಂದೊಂದೂ ಕೂತ ಗುಳಿ. ಚಕ್ರ ನೇರ ಇದ್ದಾಗ ರೋಲರ್ ಆ ಗುಳಿಯಲ್ಲಿ ಬೀಳುತ್ತೆ, ತಿರುಗಿಸಿದ್ರೆ ಹತ್ತಿ ಇಳಿಯುತ್ತೆ. ನೇರ ರಸ್ತೆಯಲ್ಲಿ ಅಲೆದಾಟ ಅದರಿಂದಲೇ.

ಬೇರಿಂಗ್ ಹೊಸದು ಹಾಕಿದರಷ್ಟೇ ಸಾಲದು. ಮೇಲಿನ ಮುಚ್ಚಳದ ಕೆಳಗೆ ತೆಳ್ಳಗಿನ ಶಿಮ್ (ಲೋಹದ ಹಾಳೆ) ಇರುತ್ತೆ. ಶಿಮ್ ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಸ್ಪ್ರಿಂಗ್ ತಕ್ಕಡಿ ಕೊಕ್ಕೆಯನ್ನ ನಕಲ್ ತೋಳಿಗೆ ಹಾಕಿ ಎಳೆದು, ಮ್ಯಾನ್ಯುಯಲ್‌ನಲ್ಲಿ ಹೇಳಿದ ತೂಕಕ್ಕೆ ಅಲುಗೋ ಹಾಗೆ ಹೊಂದಿಸಬೇಕು. ಟೈ ರಾಡ್ ಬಿಚ್ಚಿ, ಸೀಲ್ ಹಾಕೋಕೆ ಮೊದಲು. ನಾನು ನೋಡಿದ ಹತ್ತರಲ್ಲಿ ಒಂಬತ್ತು ಗ್ಯಾರೇಜ್ ಈ ಕೆಲಸ ಅಂದಾಜಿನ ಮೇಲೆ ಮಾಡುತ್ತೆ. ಅಲ್ಲಿ ಎದುರು ನಿಂತು ಮಾಡಿಸಿ.

ಔಂಧ್ ಅಕ್ಕ
ಮಡಗಾಂವ್ ಅವರೇ, ಬೀಚ್ ಮೇಲೂ ಓಡಿಸ್ತಿದ್ರಾ? ಪ್ರಶ್ನೆ ಬೈಯೋಕಲ್ಲ, ಉಪ್ಪು ನೀರಿಂದ ನಮ್ಮ ಗಾಡಿ ಚಾಸಿ ತುಕ್ಕು ಹಿಡೀತು, ಅದಕ್ಕೆ ಕೇಳಿದೆ.

ಮಡಗಾಂವ್ ಮಲೆನಾಡಿಗ
ಇಲ್ಲ ಅಕ್ಕ, ಗೋವಾದಲ್ಲಿ ಬೀಚ್ ಮೇಲೆ ಗಾಡಿ ಇಳಿಸೋದು ನಿಷೇಧ, ಪೊಲೀಸರು ಕೇಸ್ ಹಾಕ್ತಾರೆ. ನನ್ನದು ಸಿಹಿ ನೀರಿನ ಕಥೆ. ಸಮುದ್ರದ ಗಾಳಿಗೇ ಸಾಕಷ್ಟು ತುಕ್ಕು ಬರುತ್ತೆ ಇಲ್ಲಿ.

ವಾಕಡ್ ವಾಸಿ
ಪರೀಕ್ಷೆ ಮಾಡಿದೆ. ಹೆಂಡತಿ ಸ್ಟೀರಿಂಗ್ ಹಿಡಿದಳು, ನಾನು ಕೆಳಗೆ.

ಮೊದಲು ಅಳತೆ. ಸ್ಟೀರಿಂಗ್ ಚಕ್ರ ಅಡ್ಡಲಾಗಿ 38 ಸೆಂಮೀ, ಅಂಚಿನಲ್ಲಿ ಸಡಿಲ 75 ಮಿಮೀ. ಡಿಗ್ರಿಗೆ ಹಾಕಿದರೆ 22–23 ಬರುತ್ತೆ. ಕಾನೂನಿನ ಒಳಗಿದೆ, ಆದರೆ ಆ ಸೇತುವೆ ಮೇಲೆ ನನಗಾದ ಭಯ ನನಗೆ ಗೊತ್ತು.

ರಬ್ಬರ್ ಕಪ್ಲಿಂಗ್ ಚೆನ್ನಾಗಿದೆ. ಆದರೆ ಬಾಕ್ಸ್! ಹೆಂಡತಿ ತಿರುಗಿಸಿದಾಗೆಲ್ಲ ಬಾಕ್ಸ್ ಚಾಸಿ ಸಮೇತ ಮೂರು ನಾಲ್ಕು ಮಿಮೀ ಮೇಲೆ ಕೆಳಗೆ ಅಲುಗುತ್ತೆ. ಬೋಲ್ಟ್ ಬಿಗಿಯಾಗೇ ಇದೆ. ಮಣ್ಣು ಒರೆಸಿ, ವೈರ್ ಬ್ರಷ್ ಹಾಕಿ ನೋಡಿದರೆ ಬೋಲ್ಟ್ ತೂತಿನಿಂದ ಶುರುವಾಗಿ ಕೂದಲೆಳೆ ಬಿರುಕು, ಒಂದೂವರೆ ಇಂಚು ಉದ್ದ. ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಮೂರು ಗ್ಯಾರೇಜಿನವರು ಇದನ್ನ ನೋಡಿಲ್ಲ.

ಡ್ರ್ಯಾಗ್ ಲಿಂಕ್ ಒಂದು ತುದಿಯಲ್ಲಿ ಚೂರು ಆಟ ಇದೆ, ರಬ್ಬರ್ ಬೂಟು ಹರಿದಿದೆ. ಹೊಸ ಟೈ ರಾಡ್ ಎಂಡ್‌ನ ಒಂದರಲ್ಲಿ ನಟ್ಟು ಬಿಚ್ಚದಂತೆ ಹಿಡಿಯೋ ಸ್ಪ್ಲಿಟ್ ಪಿನ್ನೇ ಇಲ್ಲ! ಜ್ಯಾಕ್ ಹಚ್ಚಿ ನೋಡಿದಾಗ ಎಡ ಚಕ್ರ ಮೇಲೆ ಕೆಳಗೆ ಅಲುಗುತ್ತೆ, ಬ್ರೇಕ್ ಒತ್ತಿದರೂ ಅಲುಗುತ್ತೆ. ಅಂದ್ರೆ ಕಿಂಗ್‌ಪಿನ್ ಅಲ್ವಾ ಫಿಟ್ಟರ್ ಅಣ್ಣ?

ಭೋಸರಿ ಫಿಟ್ಟರ್
ಹೌದ್ರಿ, ಕಿಂಗ್‌ಪಿನ್ನ. ಆದ್ರ ಮೊದಲ ಬಿರುಕು. ಇವತ್ತಿನಿಂದ ಆ ಗಾಡಿ ಒಂದು ಕಿಲೋಮೀಟರೂ ಓಡಸಬ್ಯಾಡ್ರಿ, ಟೋ ಮಾಡಿಸ್ರಿ. ಆ ಬಿರುಕು ಘಾಟಿನ್ಯಾಗ ಬಾಯಿ ಬಿಟ್ರ ಬಾಕ್ಸ್ ಕೈಗೆ ಬರ್ತದ. ಮತ್ತ ಸ್ಪ್ಲಿಟ್ ಪಿನ್ ಇಲ್ಲದ ನಟ್ಟು ಬಿಟ್ಟು ಕಳಸಿದವ್ರ ಹತ್ರ ಇನ್ನೊಮ್ಮೆ ಹೋಗಬ್ಯಾಡ್ರಿ.

ಠಾಣೆ ಬಂಟ
ಹೆಂಡತಿಗೆ ನಮ್ಮೆಲ್ಲರ ಕಡೆಯಿಂದ ಒಂದು ಥ್ಯಾಂಕ್ಸ್ ಹೇಳಿ ಮಾರಾಯ್ರೆ. ಅವ್ರು ಹತ್ತುದಿಲ್ಲ ಅಂದದ್ದಕ್ಕೇ ಇದು ಗೊತ್ತಾದದ್ದು.

ಹಡಪ್ಸರ್ ಹೈದ
ಬಿರುಕಿಗೆ ವೆಲ್ಡಿಂಗ್ ಎಳೆಸಿದ್ರೆ ಆಯ್ತಲ್ಲ, ಇಷ್ಟಕ್ಕೆ ಯಾಕೆ ಗಾಬರಿ. ಡ್ರ್ಯಾಗ್ ಲಿಂಕೂ ಓರೆ ಆಗಿರುತ್ತೆ ಎತ್ತರ ಮಾಡಿಸಿದ್ರೆ, ಅದನ್ನೂ ಕತ್ತರಿಸಿ ಬೆಸುಗೆ ಹಾಕಿ ಬಗ್ಗಿಸಿಕೊಡ್ತಾರೆ ನಮ್ಮ ಹತ್ತಿರ.

ಭೋಸರಿ ಫಿಟ್ಟರ್
ಸ್ಟೇರಿಂಗ್ ರಾಡ್ ಕತ್ತರಿಸಿ ಬೆಸುಗೆ ಹಾಕೂದಾ? ಇದನ್ನ ಇಲ್ಲಿ ಯಾರೂ ಪಾಲಸಬಾರದು. ಬೆಸುಗೆ ಬಾಜೂಕ ಉಕ್ಕು ಪೆಡಸ ಆಗ್ತದ, ದಿನಾ ಸಾವಿರ ಸಲ ಜಗ್ಗಾಟ ಬೀಳೂ ರಾಡು ಅದು, ಬಗ್ಗಿ ಸೂಚನಾ ಕೊಡೂದಿಲ್ಲ, ಸೀದಾ ಲಟಕ್ ಅಂತ ಮುರೀತದ. ಆ ಕ್ಷಣಕ್ಕ ಸ್ಟೇರಿಂಗಿಗೂ ಗಾಲಿಗೂ ಸಂಬಂಧ ಹರೀತು. ಯಾರೇ ಮಾಡಿಕೊಡ್ತೇನಿ ಅಂದ್ರೂ ಬ್ಯಾಡ ಅನ್ರಿ.

ಚಾಸಿ ಬಿರುಕು ಬ್ಯಾರೆ, ಅದನ್ನ ಬೆಸೀಬಹುದು, ಆದ್ರ ಒಂದು ಪದ್ಧತಿ ಅದ. ಬಿರುಕು ಮುಗಿಯೂ ತುದಿಗೆ ಸಣ್ಣ ತೂತು ಹೊಡೀಬೇಕು, ಇಲ್ಲಂದ್ರ ಬೆಸುಗೆ ಕೆಳಗ ಬಿರುಕು ಮುಂದ ಓಡ್ತದ. ಬಿರುಕು ಉದ್ದಕ್ಕ ಗ್ರೈಂಡರ್‌ಲೆ ಕಾಲುವಿ ಹಂಗ ಕೊರದು ಆಳಕ್ಕ ಬೆಸುಗೆ ಇಳೀಬೇಕು. ಮ್ಯಾಲ ಒಂದು ಪ್ಲೇಟ್ ಕೂಡಸಬೇಕು, ಪ್ಲೇಟಿನ ಮೂಲಿ ದುಂಡಗಿರಲಿ. ಬಾಕ್ಸಿನ ಬೋಲ್ಟು ಚಾಸಿ ಪೊಳ್ಳು ಕೊಳವಿ ದಾಟಿ ಹೋಗ್ತಾವ, ಆ ತೂತಿನ್ಯಾಗ ಪೈಪ್ ತುಂಡು ಕೂಡಸಿದ್ರ ಬೋಲ್ಟ್ ಬಿಗಿ ಮಾಡಿದಾಗ ಚಾಸಿ ಹಿಸಕೂದಿಲ್ಲ. ಶುರು ಮಾಡೂಕಿಂತ ಮೊದಲ ಬ್ಯಾಟರಿ ವೈರ್ ಬಿಚ್ಚಲಿ. ಎಂಪಿಎಫ್‌ಐ ಗಾಡಿ, ಇಸಿಯು (ಎಂಜಿನ್ ಕಂಪ್ಯೂಟರ್) ಸುಟ್ರ ಇನ್ನೊಂದು ಖರ್ಚು.

ಹಡಪ್ಸರ್ ಹೈದ
ರಾಡ್ ವಿಷಯ ಒಪ್ಪಿದೆ ಅಣ್ಣ. ನನ್ನ ಫ್ರೆಂಡ್ ಗಾಡೀಲಿ ಹಾಗೇ ಮಾಡಿಸಿದ್ದಾನೆ, ಇವತ್ತೇ ಹೇಳ್ತೀನಿ.

ನಿಗಡಿ ಪವರ್
ನನಗೊಂದು ಅರ್ಥ ಆಗ್ತಿಲ್ಲ, ಪವರ್ ಸ್ಟೀರಿಂಗ್ ಅಂದ್ರೆ ಯಾಕೆ ಎಲ್ಲರಿಗೂ ಸಿಟ್ಟು? 235 ಟೈರ್ ಹಾಕಿ ಪುಣೆ ಟ್ರಾಫಿಕ್‌ನಲ್ಲಿ ಕೈ ನೋವು ಬರಲ್ವಾ? ನಾನು ಹಾಕಿಸಿದ್ದೀನಿ, ಸುಖವಾಗಿದ್ದೀನಿ.

ಔಂಧ್ ಅಕ್ಕ
ಪವರ್ ಸ್ಟೀರಿಂಗ್ ಬೇಡ ಅಂತಲ್ಲ ಅಣ್ಣ. ಸಡಿಲ ಇರೋ ಗಾಡಿಗೆ ಹಾಕಿದ್ರೆ ಅದೇ ಬಿರುಕು ಬಿಟ್ಟ ಚಾಸಿಯನ್ನ ಇನ್ನೂ ಜೋರಾಗಿ ತಳ್ಳುತ್ತೆ, ಕೈಗೆ ಮಾತ್ರ ಏನೂ ಗೊತ್ತಾಗಲ್ಲ. ಮೊದಲು ಸಡಿಲ ಸರಿ ಆಗಲಿ, ಆಮೇಲೆ ಬೇಕಾದ್ರೆ ಹಾಕಿಸಲಿ.

ನಿಗಡಿ ಪವರ್
ಇದು ಸರಿಯಾದ ಮಾತು.

ಬೆಳಗಾವಿ ಕೋನ
ಎಲ್ಲರೂ ಕ್ಯಾಸ್ಟರ್ ಮರೆತಿರಿ. ಅವರ ಗಾಡಿಯಲ್ಲಿ ಬಿರುಕು, ಕಿಂಗ್‌ಪಿನ್ ಎಲ್ಲ ಸರಿ ಮಾಡಿದರೂ ಉದ್ದದ ಶ್ಯಾಕಲ್ ಇರುವ ತನಕ ಅಲೆದಾಟ ಪೂರ್ತಿ ಹೋಗುವುದಿಲ್ಲ.

ಜಿಪ್ಸಿಯಲ್ಲಿ ಮುಂದಿನ ಕಮಾನು ಪಟ್ಟಿಯ ಹಿಂತುದಿ ಚಾಸಿಗೆ ನೇರವಾಗಿ ಕೂತಿದೆ, ಶ್ಯಾಕಲ್ ಇರುವುದು ಮುಂತುದಿಗೆ. ಶ್ಯಾಕಲ್ ಉದ್ದ ಮಾಡಿದರೆ ಪಟ್ಟಿಯ ಮುಂತುದಿ ಕೆಳಗಿಳಿಯುತ್ತದೆ, ಪಟ್ಟಿಯ ಮೇಲೆ ಕೂತ ಎಕ್ಸೆಲ್ ಮುಂದಕ್ಕೆ ಉರುಳುತ್ತದೆ. ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ ವಾಲಿರಬೇಕಾದ್ದು ನೆಟ್ಟಗಾಗುತ್ತದೆ. ಆ ವಾಲಿಕೆಯೇ ಕ್ಯಾಸ್ಟರ್. ಕಂಪನಿಯಿಂದ ಬಂದಾಗ ಮೂರೂವರೆ ಡಿಗ್ರಿ ಇರುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದು, ಕೈ ಸಡಿಲ ಬಿಟ್ಟರೂ ಗಾಡಿ ದಾರಿ ಹಿಡಿದು ಹೋಗುವುದು ಇದರಿಂದ. ವಾಕಡ್ ಅವರ ಸ್ಟೀರಿಂಗ್ ವಾಪಸ್ ಬಾರದಿರಲು ಬಾಕ್ಸಿನ ಸ್ಕ್ರೂ ಅರ್ಧ ಕಾರಣ, ಇದು ಇನ್ನರ್ಧ.

ಅಳೆಯುವುದು ಸುಲಭ. ಸಮತಟ್ಟು ನೆಲ, ಚಕ್ರ ನೇರ. ಕಿಂಗ್‌ಪಿನ್ ಮೇಲಿನ ಮುಚ್ಚಳ ಒರೆಸಿ, ಅದರ ಮೇಲೆ ಕೋನ ಅಳೆಯುವ ಮಟ್ಟ ಇಡಿ. ಮೊಬೈಲ್ ಆ್ಯಪ್ ಆದರೂ ನಡೆಯುತ್ತದೆ.

ಸರಿಪಡಿಸಲು ಎರಡು ದಾರಿ. ಒಂದು, ಎಕ್ಸೆಲ್ ಮತ್ತು ಪಟ್ಟಿಯ ನಡುವೆ ಬೆಣೆಯಾಕಾರದ ಶಿಮ್, ದಪ್ಪ ಬದಿ ಮುಂದಕ್ಕೆ. ಇನ್ನೊಂದು, ಕಂಪನಿ ಅಳತೆಯ ಶ್ಯಾಕಲ್ ವಾಪಸ್ ಹಾಕುವುದು.

ಮಡಗಾಂವ್ ಮಲೆನಾಡಿಗ
ಕೋನದವರಿಗೆ ಒಂದು ತಿದ್ದುಪಡಿ. ಕ್ಯಾಸ್ಟರ್ ಜಾಸ್ತಿ ಆದರೂ ನಡುಕ ಬರುತ್ತೆ. ಆಸ್ಪತ್ರೆ ಸ್ಟ್ರೆಚರ್ ಜೋರಾಗಿ ತಳ್ಳಿದರೆ ಅದರ ಚಕ್ರ ಲಟಲಟ ಬಡ್ಕೊಳ್ಳುತ್ತಲ್ಲ, ಹಾಗೆ. ಇನ್ನೊಂದು, ಬೆಣೆ ಹಾಕಿದರೆ ಎಕ್ಸೆಲ್ ಹಿಂದಕ್ಕೆ ಉರುಳಿ ಡಿಫರೆನ್ಷಿಯಲ್ (ಎಕ್ಸೆಲ್ ಮೇಲಿನ ಗೇರ್ ಗುಂಡು) ಮೂತಿ ಕೆಳಗಾಗುತ್ತೆ. ಎತ್ತರಿಸಿದ ಗಾಡಿಯಲ್ಲಿ ಮೊದಲೇ ಓರೆಯಾಗಿರೋ ಪ್ರೊಪೆಲ್ಲರ್ ಶಾಫ್ಟಿನ (ಎಂಜಿನ್ ಬಲವನ್ನ ಎಕ್ಸೆಲ್‌ಗೆ ಒಯ್ಯೋ ದಂಡ) ಕ್ರಾಸ್ ಕೀಲಿಗೆ ಇನ್ನಷ್ಟು ಕಷ್ಟ. ಎಷ್ಟು ಬೇಕೋ ಅಷ್ಟೇ ಹಾಕಿ.

ಬೆಳಗಾವಿ ಕೋನ
ಒಪ್ಪಿದೆ. ಅದಕ್ಕೇ ನನ್ನ ಮತ ಹಳೆಯ ಶ್ಯಾಕಲ್ ಕಡೆಗೆ.

ಸದಾಶಿವಪೇಟೆ ಸವಾರ
ಶ್ಯಾಕಲ್ ತೆಗೆದ್ರೆ ಎತ್ತರ ಹೋಗುತ್ತಲ್ಲ, ಟೈರ್ ಒರೆಸುತ್ತೆ. ಇಷ್ಟು ದುಡ್ಡು ಹಾಕಿ ಮಾಡಿಫೈ ಮಾಡಿಸಿದ ಗಾಡೀನ ವಾಪಸ್ ಮಾಮೂಲಿ ಮಾಡೋದಾ?

ಬೆಳಗಾವಿ ಕೋನ
ಲೆಕ್ಕ ಹಾಕೋಣ. ಕಂಪನಿಯ 205/70 ಆರ್15 ಟೈರಿನ ಎತ್ತರ ಸುಮಾರು 668 ಮಿಮೀ. 235/75 ಸುಮಾರು 733. ಎಕ್ಸೆಲ್ ಕೆಳಗೆ ಸಿಕ್ಕ ಹೆಚ್ಚುವರಿ ಜಾಗ ಇದರ ಅರ್ಧ, 32 ಮಿಮೀ. ಶ್ಯಾಕಲ್‌ನಿಂದ ಎಕ್ಸೆಲ್ ಕೆಳಗೆ ಒಂದು ಮಿಲಿಮೀಟರ್ ಜಾಗವೂ ಸಿಗಲಿಲ್ಲ, ಮೇಲಿನ ಬಾಡಿ ಮಾತ್ರ ಎತ್ತರ ಆಯಿತು. ಕಲ್ಲಿಗೆ ತಗಲುವುದು ಡಿಫರೆನ್ಷಿಯಲ್ಲೇ. 215/75 ಹಾಕಿದರೆ 703, ಎಕ್ಸೆಲ್ ಕೆಳಗೆ ಕಂಪನಿಯದಕ್ಕಿಂತ 17 ಮಿಮೀ ಹೆಚ್ಚು ಜಾಗ. ತಾಮ್ಹಿಣಿ, ಮುಳಶಿ ಕಡೆಯ ದಾರಿಗೆ ಅದು ಧಾರಾಳ ಸಾಕು. ಸ್ಪೇಸರ್ ಅಂತೂ ಮೊದಲು ತೆಗೆಯಿರಿ, ಚಕ್ರ ಹೊರಗೆ ಹೋದಷ್ಟೂ ಪ್ರತಿ ಗುಂಡಿಯ ಪೆಟ್ಟು ಕಿಂಗ್‌ಪಿನ್ನಿಗೆ ಉದ್ದ ಕೋಲಿನಿಂದ ಮೀಟಿದ ಹಾಗೆ ಬೀಳುತ್ತದೆ.

ಶಿವಾಜಿನಗರ ವಕೀಲ
ಕಾನೂನಿನ ದೃಷ್ಟಿಯಿಂದಲೂ ಇದೇ ಕ್ಷೇಮ.

ಠಾಣೆ ಬಂಟ
ಬೇರಿಂಗ್, ಡ್ರ್ಯಾಗ್ ಲಿಂಕ್ ಎಲ್ಲಿ ತಗೊಳ್ತೀರಿ? ಪುಣೆಯಲ್ಲಾದ್ರೆ ನಾನಾಪೇಟೆ, ಇಲ್ಲಿಗೆ ಬಂದ್ರೆ ಕುರ್ಲಾ. ಆದ್ರೆ ಸ್ಟೀರಿಂಗ್ ಸಾಮಾನು ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಬಾಡಿ, ಲೈಟು, ಸೀಟು ಎಲ್ಲ ಹಳೇದು ತಗೊಳ್ಳಿ, ಇದು ಮಾತ್ರ ಹೊಸದು, ಬಿಲ್ ಸಮೇತ.

ಹಡಪ್ಸರ್ ಹೈದ
ನಾನಾಪೇಟೆಗೆ ಹೋದ್ರೆ ಬೆಳಿಗ್ಗೆನೇ ಹೋಗಿ, ಸಂಜೆ ಗಾಡಿ ನಿಲ್ಸೋಕೂ ಜಾಗ ಸಿಗಲ್ಲ. ಅಂದಹಾಗೆ ಪುಣೆಯಲ್ಲಿ ಬಿಸಿ ಜೋಳದ ರೊಟ್ಟಿ, ಎಣಗಾಯಿ ಎಲ್ಲಿ ಸಿಗುತ್ತೆ? ಭಾಕರಿ ಅಲ್ಲ, ನಮ್ಮ ಕಡೆ ತೆಳ್ಳಗೆ ಬಡಿದದ್ದು.

ಔಂಧ್ ಅಕ್ಕ
ರೊಟ್ಟಿಗೆ ಬೇರೆ ಚರ್ಚೆ ತೆರೀರಿ, ಅಲ್ಲಿ ಹೇಳ್ತೀನಿ. ಇಲ್ಲಿ ಗಾಡಿ ಮುಗೀಲಿ.

ವಾಕಡ್ ವಾಸಿ
ಹತ್ತೊಂಬತ್ತು ದಿನ ಆದ ಮೇಲೆ ಬರೀತಿದ್ದೀನಿ. ಗಾಡಿ ಟೋ ಮಾಡಿಸಿ ಚಾಕಣ್ ಹತ್ತಿರ ಟ್ರಕ್ ಚಾಸಿ ಕೆಲಸ ಮಾಡುವ ಒಬ್ಬರಲ್ಲಿ ಬಿಟ್ಟೆ. ಫಿಟ್ಟರ್ ಅಣ್ಣ ಬರೆದದ್ದನ್ನ ಮರಾಠಿಗೆ ಹೇಳಿ ತೋರಿಸಿದೆ. ಅವರು ಬಾಕ್ಸ್ ಬಿಚ್ಚಿ ನೋಡಿ, ಬಿರುಕು ಒಳಗಡೆ ಎರಡೂವರೆ ಇಂಚು ಹೋಗಿದೆ ಅಂತ ತೋರಿಸಿದರು. ತುದಿಗೆ ತೂತು, ಆಳಕ್ಕೆ ಬೆಸುಗೆ, ಪ್ಲೇಟು, ಬೋಲ್ಟಿಗೆ ಪೈಪ್ ತುಂಡು, ಎಲ್ಲ ಹಾಗೇ ಆಯ್ತು.

ಎಡ ನಕಲ್ ಬಿಚ್ಚಿದಾಗ ಮಡಗಾಂವ್ ಅವರು ಹೇಳಿದ್ದೇ ಕಾಫಿ ಬಣ್ಣ. ಕೆಳಗಿನ ಬೇರಿಂಗ್ ಕಪ್‌ನಲ್ಲಿ ಸಾಲಾಗಿ ಗುಳಿ, ಉಗುರಿಗೆ ಸಿಗುತ್ತೆ. ಎರಡೂ ಕಡೆ ನಾಲ್ಕೂ ಬೇರಿಂಗ್, ಸೀಲ್ ಬದಲಾಯಿಸಿದೆವು. ತಕ್ಕಡಿ ನಾನೇ ತಗೊಂಡು ಹೋಗಿದ್ದೆ, ತರಕಾರಿ ತೂಗೋ ಸ್ಪ್ರಿಂಗ್ ತಕ್ಕಡಿ. ಮೊದಲ ಸಲ ಬಲಗಡೆ ತುಂಬಾ ಬಿಗಿ ಬಂತು, ಶಿಮ್ ಸೇರಿಸಿ ಮತ್ತೆ ಮಾಡಿಸಿದೆ. ಮಿಸ್ತ್ರಿಗೆ ಬೇಸರ ಆಯ್ತು, ಆದರೆ ಬಿಡಲಿಲ್ಲ.

ಕ್ಯಾಸ್ಟರ್ ಅಳೆದಾಗ ಎಡಕ್ಕೆ 1, ಬಲಕ್ಕೆ ಅರ್ಧ ಡಿಗ್ರಿ ಇತ್ತು. ಉದ್ದದ ಶ್ಯಾಕಲ್ ತೆಗೆಸಿ ಕಂಪನಿ ಅಳತೆಯದು, ಹೊಸ ಬುಷ್. ಈಗ ಎರಡೂ ಕಡೆ ಮೂರರ ಮೇಲಿದೆ. ಸ್ಪೇಸರ್ ಹೋಯ್ತು, ಟೈರ್ 215/75. ಡ್ರ್ಯಾಗ್ ಲಿಂಕ್ ಹೊಸದು, ಎಲ್ಲ ನಟ್ಟಿಗೂ ಹೊಸ ಸ್ಪ್ಲಿಟ್ ಪಿನ್, ಒಂದೊಂದನ್ನೂ ನಾನೇ ನೋಡಿದೆ. ಬಾಕ್ಸಿನ ಸ್ಕ್ರೂ ಪೂರ್ತಿ ಸಡಿಲಿಸಿ, ಚಕ್ರ ನೇರ ಇಟ್ಟು ಮತ್ತೆ ಹೊಂದಿಸಿ, ಎರಡೂ ಕೊನೆಯವರೆಗೆ ತಿರುಗಿಸಿ ಎಲ್ಲೂ ಹಿಡಿಯಲ್ಲ ಅಂತ ನೋಡಿಯೇ ಚೆಕ್ ನಟ್ ಬಿಗಿ ಮಾಡಿದ್ದು. ಬಾಕ್ಸ್ ಒಳಗೆ ಆಯಿಲ್ ಅರ್ಧ ಇರಲಿಲ್ಲ, 90 ನಂಬರ್ ಗೇರ್ ಆಯಿಲ್ ತುಂಬಿಸಿದೆವು. ಟೋ ಇನ್ (ಮುಂದಿನ ಎರಡೂ ಚಕ್ರದ ಮುಂಭಾಗ ಒಳಕ್ಕೆ ತಿರುಗಿರೋ ಅಳತೆ) 4 ಮಿಮೀ.

ಸಡಿಲ ಈಗ 20 ಮಿಮೀ. ನಿನ್ನೆ ಒಬ್ಬನೇ ಸಾತಾರಾವರೆಗೆ ಹೋಗಿ ಬಂದೆ. ಅದೇ ಸುರೂರ್ ಸೇತುವೆ, ಅದೇ ಜಾಯಿಂಟು, 70ರಲ್ಲಿ. ಟಕ್ ಅಂತು, ಅಷ್ಟೇ. ಸೇತುವೆ ದಾಟಿ ಮುಂದೆ ರಸ್ತೆ ಬದಿ ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ ಹೆಂಡತಿಗೆ ಫೋನ್ ಮಾಡಿದೆ. ಪಂಚಮಿಗೆ ಮೂವರೂ ಗಾಡಿಯಲ್ಲೇ ಹೋಗ್ತೀವಿ.

ಒಂದೇ ಒಂದು ಉಳಿದಿದೆ, ಸ್ವಲ್ಪ ಎಡಕ್ಕೆ ಎಳೆಯುತ್ತೆ.

ಠಾಣೆ ಬಂಟ
ಓದಿ ಖುಷಿ ಆಯ್ತು. ಎಳೆತಕ್ಕೆ ಮೊದಲು ಗಾಳಿ ನೋಡಿ, ಎರಡೂ ಮುಂದಿನ ಟೈರಿಗೆ ಒಂದೇ ಒತ್ತಡ ಉಂಟಾ ಅಂತ. ಆಮೇಲೆ ಎಡದ್ದು ಬಲಕ್ಕೆ ಹಾಕಿ ನೋಡಿ. ಬ್ರೇಕ್ ಹಿಡ್ಕೊಂಡ್ರೂ ಹಾಗೆ ಎಳೀತದೆ, ಸ್ವಲ್ಪ ಓಡಿಸಿ ಇಳಿದು ಚಕ್ರದ ಹತ್ತಿರ ಕೈ ಹಿಡಿದು ಬಿಸಿ ನೋಡಿ.

ಭೋಸರಿ ಫಿಟ್ಟರ್
ಶಾಬಾಸ್ ರೀ. ಊರಿಗೆ ಹೋಗೂಕಿಂತ ಮೊದಲ ಯು ಬೋಲ್ಟು (ಕಮಾನು ಪಟ್ಟಿ ಎಕ್ಸೆಲ್‌ಗೆ ಹಿಡಿಯೂ ಬೋಲ್ಟು), ಶ್ಯಾಕಲ್ ನಟ್ಟು, ಬಾಕ್ಸಿನ ಬೋಲ್ಟು ಇನ್ನೊಮ್ಮೆ ಪಾನಾ ಹಚ್ಚಿ ನೋಡ್ರಿ. ಹೊಸಾ ಸಾಮಾನು ಕೂತ ಮ್ಯಾಲ ಸಡಿಲ ಆಗ್ತಾವ. ಐನೂರು ಕಿಲೋಮೀಟರಿಗೆ ಮತ್ತೊಮ್ಮೆ. ಬೆಸುಗೆ ಮ್ಯಾಲ ತೆಳ್ಳನ ಬಿಳಿ ಬಣ್ಣ ಬಳೀರಿ, ಬಿರುಕು ಮತ್ತ ಬಂದ್ರ ಬಿಳೀ ಮ್ಯಾಲ ಲಗೂನ ಕಾಣಸ್ತದ.

ವಾಕಡ್ ವಾಸಿ
ಗಾಳಿಯೇ ಆಗಿತ್ತು! ಎಡ ಟೈರಿನಲ್ಲಿ ಆರು ಪಿಎಸ್‌ಐ ಕಮ್ಮಿ. ಬಿಳಿ ಬಣ್ಣ ಇವತ್ತೇ ಬಳೀತೀನಿ.

ನಿಪ್ಪಾಣಿ ನಾಲ್ಕು ಚಕ್ರ
ಇದನ್ನ ಓದಿ ನನಗೂ ಗಾಬರಿ ಆತು. ನನ್ನ ಜಿಪ್ಸಿಗೆ ಕಮಾನು ಪಟ್ಟಿ ಎಕ್ಸೆಲ್ ಮ್ಯಾಲ ಹಾಕಿಸೇನಿ, ಐದು ಇಂಚು ಎತ್ತರ. ಸಡಿಲ ಏನಿಲ್ಲ, ಆದ್ರ ಜೋರ್ ಬ್ರೇಕ್ ಹಾಕಿದ್ರ, ಹಂಪ್ ಹಾರಿದ್ರ ಸ್ಟೇರಿಂಗ್ ತಾನಾ ತಿರಗತೈತಿ. ಇದೂ ಕಿಂಗ್‌ಪಿನ್ನ?

ಭೋಸರಿ ಫಿಟ್ಟರ್
ಅಲ್ರಿ, ಅದು ಬ್ಯಾರೆ. ಡ್ರ್ಯಾಗ್ ಲಿಂಕ್ ಕಡಿದಾಗಿ ಓರೆ ಆಗೇದ, ಎಕ್ಸೆಲ್ ಮ್ಯಾಲ ಕೆಳಗ ಆದಾಗೊಮ್ಮೆ ಅದು ಗಾಲಿ ಜಗ್ಗತದ. ಹೊಸಾ ಚರ್ಚೆ ತೆರೀರಿ, ಗಾಡಿ ಮುಂದ ನಿಂತು ನೆಲದ ಮಟ್ಟದಿಂದ ಒಂದು ಫೋಟೋ ಹಾಕ್ರಿ, ಲಿಂಕೂ ಎಕ್ಸೆಲ್ಲೂ ಎರಡೂ ಕಾಣೂ ಹಂಗ. ಅಲ್ಲೀ ತನಕ ಜೋರು ಓಡಸಬ್ಯಾಡ್ರಿ.